ನಾಲ್ಕನೆಯ ಅಂಕಣ

ಟೆಕ್ ಬಳಸಿ ಪುಟ ಕಟ್ಟುವವರಿಗೆ ‘ಓವರ್‌ಫುಲ್ ಎಚ್‌ಬಾಕ್ಸ್’ ಎಂಬ ಎಚ್ಚರಿಕೆ ಸಂಜೆಯ ಸೊಳ್ಳೆಯಷ್ಟೇ ಪರಿಚಿತ. ಏನೋ ಅಂಚು ದಾಟಿದೆ ಎಂದು ಅದರರ್ಥ. ಬಹಳಷ್ಟು ಜನ ಕೈಬೀಸಿ ಸುಮ್ಮನಾಗುತ್ತಾರೆ.

ಗೆಳತಿಯೊಬ್ಬಳು ಇಳಕಲ್ ಸೀರೆ ನೇಯುವವರ ನುಡಿಯ ಮೇಲೆ ಪಿಎಚ್‌ಡಿ ಪ್ರಬಂಧ ಬರೆದಿದ್ದಳು. ಪುಟ ಕಟ್ಟುವ ಕೆಲಸ ನನ್ನದಾಯಿತು. ಅದರಲ್ಲೊಂದು ಕೋಷ್ಟಕ: ಪದ, ಅರ್ಥ, ಬಳಕೆ, ಹೇಳಿದವರು. ‘ಗೋಮಿ’ ಎಂದರೆ ಒಂದು ಬಗೆಯ ಅಂಚು. ‘ಕೊಂಡಿ’ ಎಂದರೆ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಹಾಕಿ ಜೋಡಿಸುವ ರೀತಿ. ನಾಲ್ಕನೆಯ ಅಂಕಣದ ತುಂಬ ಹೆಸರುಗಳು, ಹೆಚ್ಚಿನವು ಹೆಂಗಸರವು.

ಕೋಷ್ಟಕ ಪುಟ ಮೀರುತ್ತಿತ್ತು. “ಹೆಸರುಗಳನ್ನು ತೆಗೆದುಬಿಡಿ, ಅನುಬಂಧದಲ್ಲಿ ಒಟ್ಟಿಗೆ ಹಾಕಿದರಾಯಿತು” ಎಂದರು ಮಾರ್ಗದರ್ಶಕರು. ಅವರ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ಯಾವ ಪದ ಯಾರ ಬಾಯಿಂದ ಬಂತು ಎಂಬುದು ಅಲ್ಲಿಗೆ ಮುಗಿಯುತ್ತಿತ್ತು. “ಹೇಳಿದವರನ್ನ ಬಿಟ್ಟು ಮಾತಷ್ಟ ಇಟ್ಕೊಂಡು ಏನ್ ಮಾಡ್ಲಿ?” ಎಂದಳು ಗೆಳತಿ.

ಎಷ್ಟು ಮೀರಿದೆ ಎಂದು ಮಾತ್ರ ಯಾರೂ ಅಳೆದಿರಲಿಲ್ಲ.

ಅಳೆಯುವುದೇನು ಕಷ್ಟವಲ್ಲ. ಇಡೀ ಕೋಷ್ಟಕವನ್ನು ಒಂದು ಪೆಟ್ಟಿಗೆಗೆ ತುಂಬಿ, ಪೆಟ್ಟಿಗೆಯ ಅಗಲವೆಷ್ಟೆಂದು ಕೇಳಬೇಕು, ಅಷ್ಟೆ. 1977ರಲ್ಲಿ ತಮ್ಮ ಪುಸ್ತಕದ ಕರಡಚ್ಚು ನೋಡಿ ಬೇಸತ್ತು ಟೆಕ್ ಕಟ್ಟಲು ಹೊರಟ ಡೊನಾಲ್ಡ್ ಕನೂತ್ ಅವರಿಗೆ ಅಕ್ಷರವೂ ಪೆಟ್ಟಿಗೆ, ಸಾಲೂ ಪೆಟ್ಟಿಗೆ, ಪುಟವೂ ಪೆಟ್ಟಿಗೆಯೇ. ಇಂಚಿಗೆ 72.27 ಪಾಯಿಂಟು, ಒಂದು ಪಾಯಿಂಟಿನಲ್ಲಿ 65,536 ಪಾಲು. ಅಷ್ಟು ಸಣ್ಣದಕ್ಕೂ ಲೆಕ್ಕ ಇಡುತ್ತದೆ. ಕೋಷ್ಟಕದ ವಿಷಯದಲ್ಲಂತೂ ಊಟದ ಪಂಕ್ತಿಯ ಶಿಸ್ತು: ಕೊನೆಯವರು ಕೂರುವ ತನಕ ಬಡಿಸುವುದಿಲ್ಲ. ಎಲ್ಲ ಸಾಲುಗಳನ್ನೂ ಓದಿ, ಅಂಕಣದಲ್ಲಿ ಅತಿ ಅಗಲವಾದದ್ದು ಯಾವುದೆಂದು ಕಂಡಮೇಲೆಯೇ ಅಗಲ ನಿರ್ಧಾರ. ಒಬ್ಬಾಕೆಯ ಉದ್ದ ಹೆಸರು ಇಡೀ ಅಂಕಣವನ್ನು ಅಗಲಿಸಬಲ್ಲದು.

ನಮ್ಮ ಪೆಟ್ಟಿಗೆ 413.6 ಪಾಯಿಂಟು. ಪುಟದಲ್ಲಿ ಪಠ್ಯಕ್ಕಿದ್ದ ಜಾಗ 390. ಮೀರಿದ್ದು 23.6, ಇಂಚಿನ ಮೂರನೇ ಒಂದು ಪಾಲೂ ಅಲ್ಲ. ಇಷ್ಟಕ್ಕೆ ಇಷ್ಟೊಂದು ಹೆಸರುಗಳೇ?

ಅರ್ಥದ ಅಂಕಣ ಕುಗ್ಗಿಸಿ ನೋಡಿದೆ. ಕನ್ನಡದ ಉದ್ದ ಪದಗಳು ಪಕ್ಕದ ಮನೆಗೆ ಕಾಲು ಚಾಚಿದವು. ಅಕ್ಷರ ಸಣ್ಣದು ಮಾಡಿದರೆ ಒತ್ತುಗಳು ಕಣ್ಣಿಗೆ ಸಿಗವು. ಉಳಿದದ್ದು ಖಾಲಿ ಜಾಗ. ಟೆಕ್ ಮೇಲೆ ಕಟ್ಟಿದ ಲೇಟೆಕ್, ನಾವು ಬೇಡವೆನ್ನದ ಹೊರತು, ಪ್ರತಿ ಅಂಕಣದ ಎರಡೂ ಬದಿಗೆ ಆರಾರು ಪಾಯಿಂಟು ಬಿಡುತ್ತದೆ. ನಾಲ್ಕು ಅಂಕಣಕ್ಕೆ 48. ಅಂದರೆ ಮೀರಿದ್ದರ ಎರಡರಷ್ಟು ಜಾಗದಲ್ಲಿ ಏನೂ ಇರಲಿಲ್ಲ!

ಹೊರ ಅಂಚಿನ ಎರಡು ಖಾಲಿಗಳನ್ನು ತೆಗೆದೆ, 12 ಹೋಯಿತು. ಒಳಗಿನ ಆರನ್ನು ನಾಲ್ಕು ನಾಲ್ಕು ಪಾಯಿಂಟಿಗೆ ಇಳಿಸಿದೆ, ಇನ್ನೊಂದು 12. ಈಗ 389.6. ಎಚ್ಚರಿಕೆ ನಿಂತಿತು. ಕರಡು ನೋಡಿದ ಮಾರ್ಗದರ್ಶಕರು ಹೆಸರುಗಳ ಮೇಲೆ ಬೆರಳಾಡಿಸಿ, ಏನೂ ಹೇಳದೆ ಪುಟ ತಿರುವಿದರು.

ರಾತ್ರಿ ಗೆಳತಿಯ ಫೋನು. ‘ಕೊಂಡಿ’ಯನ್ನು ವಿವರಿಸಿದವರು ಇಬ್ಬರಂತೆ, ಇನ್ನೊಂದು ಹೆಸರು ಸೇರಬೇಕಂತೆ. ಅಗಲದಲ್ಲಿ ಉಳಿದಿದ್ದದ್ದು 0.4 ಪಾಯಿಂಟು. ಆಕೆಯ ಹೆಸರನ್ನು ಮೊದಲನೆಯವಳ ಕೆಳಗೆ ಇಟ್ಟೆ.