ಅಜ್ಜಿಯ ಒತ್ತು

ಪಿಎಚ್‌ಡಿಗೆಂದು ಕಲೆಹಾಕಿದ ಹಳ್ಳಿಮಾತುಗಳನ್ನು ಪರದೆಯ ಮೇಲೆ ತೋರಿಸಲು ಕಿಟಕಿ, ಗುಂಡಿಗಳನ್ನು ಮೂಡಿಸುವ ಪುಟ್ಟ ಲೈಬ್ರರಿಯೊಂದನ್ನು ಬರೆದುಕೊಂಡಿದ್ದೆ. ಬೇರೆಯವರಿಗೂ ಒದಗಲಿ ಎಂದು ಓಪನ್ ಸೋರ್ಸ್ ಆಗಿ ಬಿಡುಗಡೆ ಮಾಡಿದೆ. ‘ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ’ ಎಂದು ಬರೆದೂಬಿಟ್ಟೆ.

ಮೂರನೇ ದಿನ ನಮ್ಮೂರಿನ ಮೇಷ್ಟ್ರ ಫೋನು. “ಏನಪ್ಪಾ, ಇಲ್ಲಿ ಅಜ್ಜಿ ಕಾಲು ಮುರ್ಕೊಂಡು ಕೂತಿದ್ದಾಳಲ್ಲೋ!” ಅವರ ವಿಂಡೋಸ್ ಕಂಪ್ಯೂಟರಿನಲ್ಲಿ ‘ಅಜ್ಜಿ’ ಹೋಗಿ ‘ಅಜ್‌ಜಿ’ ಆಗಿತ್ತು.

ಯುನಿಕೋಡಿನಲ್ಲಿ ‘ಅಜ್ಜಿ’ ಎಂದರೆ 5 ಸಂಕೇತಗಳು: ಅ, ಜ, ವಿರಾಮ ಚಿಹ್ನೆ, ಮತ್ತೊಂದು ಜ, ಗುಡಿಸು. ಅವನ್ನು ಬೆಸೆದು ಒತ್ತಕ್ಷರ ಮಾಡುವುದು ಬೇರೆಯದೇ ಕೆಲಸ. ಲಿನಕ್ಸಿನಲ್ಲಿ ಅದನ್ನು ಹಾರ್ಫ್‌ಬಜ್ ಮಾಡುತ್ತಿತ್ತು. ವಿಂಡೋಸಿನ ಭಾಗದಲ್ಲಿ ನಾನು ಸಂಕೇತಗಳನ್ನು ಒಂದೊಂದಾಗಿ ಮೂಡಿಸಿದ್ದೆ. ಗೆಳೆಯನ ಯಂತ್ರದಲ್ಲಿ ಪರೀಕ್ಷಿಸಿದ್ದೆ, ನಿಜ; ಆದರೆ ‘ಹಲೋ’ ಎಂಬ ಪದದಿಂದ, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ. ಕನ್ನಡದ ಸಂಶೋಧಕ ನಾನು!

ವಿಂಡೋಸಿಗೂ ಹಾರ್ಫ್‌ಬಜ್ ಜೋಡಿಸಿದೆ. ಒತ್ತು ಕೂಡಿತು, ಆದರೆ ಪದ ಗುಂಡಿಯಿಂದ ಹೊರಚಾಚಿತು. ನನ್ನಲ್ಲಿದ್ದ ನೋಟೊ ಫಾಂಟಿನ ಅಗಲವೇ ಬೇರೆ, ಅಲ್ಲಿನ ನಿರ್ಮಲಾದ್ದೇ ಬೇರೆ. ಗುಂಡಿಯ ಅಗಲವನ್ನು ನಾನು ಅಂಕಿಯಲ್ಲಿ ಕಟ್ಟಿಹಾಕಿದ್ದೆ. ಈಗ ಪದವನ್ನು ಅಳೆದೇ ಗುಂಡಿ ಬರೆಯುತ್ತೇನೆ.

ಎರಡು ವಾರ ಪ್ರಬಂಧದ ಅಧ್ಯಾಯ ನಿಂತಿತು. ಅದಕ್ಕಿಂತ ಕಾಡಿದ್ದು ಬೇರೆ. ಪ್ರಬಂಧದಲ್ಲಿ ಆಧಾರವಿಲ್ಲದ ಒಂದು ಸಾಲು ಬರೆಯಲೂ ಹೆದರುವವನು, ‘ಮೂರರಲ್ಲೂ ನಡೆಯುತ್ತದೆ’ ಎಂದು ಹೇಗೆ ಬರೆದೆ?

ಆ ಸಾಲನ್ನು ಅಳಿಸಿದೆ. ಈಗ ಅಲ್ಲಿರುವುದು: ‘ಲಿನಕ್ಸ್, ವಿಂಡೋಸ್: ಅಜ್ಜಿ ನೆಟ್ಟಗಿದ್ದಾಳೆ. ಮ್ಯಾಕ್: ಇನ್ನೂ ಪರೀಕ್ಷಿಸಿಲ್ಲ.’