ಮದ್ದಿಗೆ ಮಣಿಯದ ರೋಗಾಣು

ಕಾಡುಮೃಗಗಳಿಗೆ ಅಂಜಿ ಮನುಷ್ಯನು ಬೆಂಕಿಯನ್ನು ಹೊತ್ತಿಸಿದನು. ಶತ್ರುಗಳಿಗೆ ಅಂಜಿ ಕೋಟೆಯನ್ನು ಕಟ್ಟಿದನು. ಆದರೆ ಅವನ ಕುಲವನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ ಶತ್ರು ಬೆಂಕಿಗೂ ಬೆದರಲಿಲ್ಲ, ಕೋಟೆಗೂ ತಡೆಯಲಿಲ್ಲ. ಕಣ್ಣಿಗೆ ಕಾಣದ ರೋಗಾಣುವೇ ಆ ಶತ್ರು. ಕಾಲಿಗೆ ಚುಚ್ಚಿದ ಒಂದು ಮುಳ್ಳು ಕೀವುಗೊಂಡು ಗಟ್ಟಿಮುಟ್ಟಾದ ರೈತನ ಪ್ರಾಣವನ್ನೇ ತೆಗೆಯಬಹುದಾಗಿತ್ತು. ಹೆರಿಗೆಯ ಬಳಿಕ ಏರಿದ ಜ್ವರ ಎಷ್ಟೋ ಹಸುಗೂಸುಗಳನ್ನು ತಬ್ಬಲಿಗಳನ್ನಾಗಿ ಮಾಡುತ್ತಿತ್ತು. ನ್ಯುಮೋನಿಯ ತಗುಲಿದ ಮಗುವಿನ ಹಾಸಿಗೆಯ ಬಳಿ ವೈದ್ಯನು ಕೈಚೆಲ್ಲಿ ಕುಳಿತಿರುತ್ತಿದ್ದನು. ಇದು ಪುರಾಣಕಾಲದ ಮಾತಲ್ಲ. ಇಂದಿನ ವಿದ್ಯಾರ್ಥಿಗಳ ಮುತ್ತಜ್ಜ ಮುತ್ತಜ್ಜಿಯರು ಬಾಳಿದ ಕಾಲದ ಮಾತು.

ಆ ಕಾಲವನ್ನು ಬದಲಾಯಿಸಿದ್ದು ಒಂದು ಬೂಷ್ಟು. 1928ನೆಯ ಸೆಪ್ಟೆಂಬರಿನಲ್ಲಿ, ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ವಿಜ್ಞಾನಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ತಮ್ಮ ಪ್ರಯೋಗಶಾಲೆಗೆ ಮರಳಿದರು. ಅವರು ರೋಗಾಣುಗಳನ್ನು ಬೆಳೆಸಿದ್ದ ಗಾಜಿನ ತಟ್ಟೆಯೊಂದರ ಮೇಲೆ ಬೂಷ್ಟು ಬೆಳೆದಿತ್ತು. ಅದರ ಸುತ್ತಲಿನ ರೋಗಾಣುಗಳು ಮಾತ್ರ ಕರಗಿಹೋಗಿದ್ದುವು. ಆ ಬೂಷ್ಟು ಸ್ರವಿಸಿದ ವಸ್ತುವಿಗೆ ಫ್ಲೆಮಿಂಗ್ ಪೆನಿಸಿಲಿನ್ ಎಂದು ಹೆಸರಿಟ್ಟರು. ಅದನ್ನು ಬೇರ್ಪಡಿಸಿ ಮದ್ದನ್ನಾಗಿ ಮಾಡುವ ಕಾರ್ಯವನ್ನು ಸಾಧಿಸಿದವರು ಆಕ್ಸ್‌ಫರ್ಡಿನ ಹೋವರ್ಡ್ ಫ್ಲೋರಿ, ಅರ್ನ್ಸ್ಟ್ ಚೈನ್ ಮತ್ತು ಅವರ ಸಂಗಡಿಗರು. 1940ನೆಯ ಮೇ ತಿಂಗಳಲ್ಲಿ ಅವರು ಎಂಟು ಇಲಿಗಳಿಗೆ ಮಾರಕ ರೋಗಾಣುಗಳನ್ನು ಚುಚ್ಚಿದರು. ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಬೆಳಗಾಗುವುದರೊಳಗೆ ಮದ್ದಿಲ್ಲದ ನಾಲ್ಕೂ ಸತ್ತಿದ್ದುವು. ಮದ್ದು ಪಡೆದ ನಾಲ್ಕೂ ಬದುಕಿದ್ದುವು.

ಮರುವರ್ಷ, ಮುಖವೆಲ್ಲ ಕೀವುಗೊಂಡು ಸಾವಿನ ಅಂಚಿನಲ್ಲಿದ್ದ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಆ ಮದ್ದನ್ನು ಕೊಡಲಾಯಿತು. ಕೆಲವೇ ದಿನಗಳಲ್ಲಿ ಅವನು ಚೇತರಿಸಿಕೊಂಡನು. ಆದರೆ ಇದ್ದ ಮದ್ದು ಅಷ್ಟರಲ್ಲಿ ಮುಗಿಯುತ್ತ ಬಂದಿತು. ಅವನ ಮೂತ್ರದಿಂದಲೇ ಪೆನಿಸಿಲಿನ್ನನ್ನು ಮತ್ತೆ ಸೋಸಿ ತೆಗೆದು ಕೊಟ್ಟರೂ ಸಾಲಲಿಲ್ಲ. ಅಡಗಿದ್ದ ರೋಗ ಮರುಕಳಿಸಿತು; 1941ನೆಯ ಮಾರ್ಚಿನಲ್ಲಿ ಅವನು ತೀರಿಕೊಂಡನು. ಮದ್ದಿನ ಮಹಿಮೆಯನ್ನೂ ಅರೆಚಿಕಿತ್ಸೆಯ ಅಪಾಯವನ್ನೂ ಒಬ್ಬ ರೋಗಿಯೇ ಜಗತ್ತಿಗೆ ತೋರಿಸಿಕೊಟ್ಟನು.

ಮುಂದೆ ಪೆನಿಸಿಲಿನ್ ಕಾರ್ಖಾನೆಗಳಲ್ಲಿ ತಯಾರಾಗತೊಡಗಿತು. 1943ರಲ್ಲಿ ಕ್ಷಯರೋಗವನ್ನು ಎದುರಿಸಬಲ್ಲ ಸ್ಟ್ರೆಪ್ಟೊಮೈಸಿನ್ ದೊರೆಯಿತು. ಸ್ವತಂತ್ರ ಭಾರತವೂ 1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ರೋಗಾಣುಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ಇಂಥ ಮದ್ದುಗಳಿಗೆ ಪ್ರತಿಜೈವಿಕಗಳು ಎಂದು ಹೆಸರಾಯಿತು. ಸೋಂಕುರೋಗಗಳ ಕಥೆ ಮುಗಿಯಿತೆಂದೇ ಎಷ್ಟೋ ಮಂದಿ ನಂಬಿದರು.

ಹಾಗೆ ನಂಬದವರಲ್ಲಿ ಫ್ಲೆಮಿಂಗರೇ ಒಬ್ಬರು. 1945ರಲ್ಲಿ ಅವರಿಗೂ ಫ್ಲೋರಿ ಮತ್ತು ಚೈನ್ ಅವರಿಗೂ ನೊಬೆಲ್ ಪ್ರಶಸ್ತಿ ಬಂದಿತು. ಆ ಸಂದರ್ಭದ ಉಪನ್ಯಾಸದಲ್ಲಿ ಅವರು ಒಂದು ಕಲ್ಪಿತ ಪ್ರಸಂಗವನ್ನು ಸಭೆಯ ಮುಂದಿಟ್ಟರು. ಗಂಟಲುನೋವು ಬಂದ ಒಬ್ಬಾತ ತಾನೇ ಪೆನಿಸಿಲಿನ್ ಕೊಂಡು, ಸಾಲದಷ್ಟು ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಾನೆ. ರೋಗಾಣುಗಳು ಸಾಯುವ ಬದಲು ಮದ್ದನ್ನು ಎದುರಿಸುವಂಥವಾಗುತ್ತವೆ. ಅವು ಅವನ ಹೆಂಡತಿಗೆ ಅಂಟುತ್ತವೆ. ಅವಳಿಗೆ ನ್ಯುಮೋನಿಯ ಬರುತ್ತದೆ, ಪೆನಿಸಿಲಿನ್ ಕೊಟ್ಟರೂ ಫಲಿಸುವುದಿಲ್ಲ, ಅವಳು ಸಾಯುತ್ತಾಳೆ. ಈ ಸಾವಿಗೆ ಹೊಣೆ ಯಾರು ಎಂಬುದು ಫ್ಲೆಮಿಂಗರ ಪ್ರಶ್ನೆ. ತಪ್ಪು ಮಾಡಿದವನೇ ದಂಡ ತೆರುವುದು ಲೋಕದ ನ್ಯಾಯ. ಇಲ್ಲಿ ತಪ್ಪು ಒಬ್ಬನದು, ದಂಡ ಮತ್ತೊಬ್ಬರದು. ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾದ ಮಾತು ಇದೇ.

ರೋಗಾಣುವಿಗೆ ಇಂಥ ಬಲ ಬರುವುದು ಹೇಗೆ? ಅನುಕೂಲವಾದ ಪರಿಸರದಲ್ಲಿ ಕೆಲವು ಬ್ಯಾಕ್ಟೀರಿಯಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತವೆ. ಆ ಲೆಕ್ಕದಲ್ಲಿ ಒಂದೇ ಬ್ಯಾಕ್ಟೀರಿಯ ಹತ್ತು ಗಂಟೆಗಳಲ್ಲಿ ನೂರು ಕೋಟಿಯನ್ನು ಮೀರುತ್ತದೆ. ಇಷ್ಟು ದೊಡ್ಡ ಸಂತತಿಯಲ್ಲಿ ಎಲ್ಲವೂ ಒಂದೇ ರೀತಿ ಇರುವುದಿಲ್ಲ. ಯಾವುದೋ ಒಂದೆರಡರಲ್ಲಿ ಆಕಸ್ಮಿಕವಾದ ವ್ಯತ್ಯಾಸ ಉಂಟಾಗಿರುತ್ತದೆ. ಮದ್ದನ್ನು ಎಂದೂ ಕಾಣದ ಬ್ಯಾಕ್ಟೀರಿಯಗಳ ನಡುವೆಯೂ ಮದ್ದಿಗೆ ಮಣಿಯದ ಕೆಲವು ಮೊದಲೇ ಇರುತ್ತವೆ ಎಂಬುದನ್ನು ಅಮೆರಿಕದ ಜೋಶುವ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿಗಳು 1952ರಲ್ಲಿ ಪ್ರಯೋಗದಿಂದ ತೋರಿಸಿದರು. ಮದ್ದು ಬಿದ್ದಾಗ ದುರ್ಬಲವಾದವು ಸಾಯುತ್ತವೆ. ಉಳಿದದ್ದಕ್ಕೆ ಅನ್ನಕ್ಕೂ ನೆಲೆಗೂ ಪೈಪೋಟಿಯೇ ಇಲ್ಲ. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಹೀಗೆ ಉಳಿದ ರೋಗಾಣುಗಳ ಉಪಾಯಗಳು ಹಲವು. ಕೆಲವು ಮದ್ದನ್ನೇ ಒಡೆದುಹಾಕುವ ಕಿಣ್ವವನ್ನು ತಯಾರಿಸುತ್ತವೆ. ಕೆಲವು ಒಳಹೊಕ್ಕ ಮದ್ದನ್ನು ಹೊರದಬ್ಬುತ್ತವೆ. ಕೆಲವು ಮದ್ದಿನ ಗುರಿಯಾದ ತಮ್ಮ ಭಾಗವನ್ನೇ ಮಾರ್ಪಡಿಸಿಕೊಳ್ಳುತ್ತವೆ. ಸಾಲದುದಕ್ಕೆ, ಈ ಗುಣವನ್ನು ಅವು ಸಂತಾನಕ್ಕೆ ಮಾತ್ರವಲ್ಲದೆ ನೆರೆಹೊರೆಯ ಬೇರೆ ಜಾತಿಯ ಬ್ಯಾಕ್ಟೀರಿಯಗಳಿಗೂ ದಾಟಿಸಬಲ್ಲುವು. ಇದನ್ನು 1959ರಲ್ಲಿ ಜಪಾನಿನ ವಿಜ್ಞಾನಿಗಳು ಆಮಶಂಕೆಯ ರೋಗಾಣುಗಳಲ್ಲಿ ಕಂಡುಕೊಂಡರು.

ಮನುಷ್ಯನು ಹೊಸ ಮದ್ದನ್ನು ತಂದಂತೆಲ್ಲ ರೋಗಾಣು ಅದನ್ನು ಹಳತು ಮಾಡುತ್ತ ಬಂದಿದೆ. ಪೆನಿಸಿಲಿನ್ನಿಗೆ ಜಗ್ಗದ ರೋಗಾಣುಗಳಿಗಾಗಿ 1959ರಲ್ಲಿ ಮೆಥಿಸಿಲಿನ್ ಬಂದಿತು. 1961ರ ವೇಳೆಗೆ ಅದಕ್ಕೂ ಜಗ್ಗದ ರೋಗಾಣು ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡಿತು. 1980ರ ದಶಕದ ನಂತರ ತೀರ ಹೊಸ ಬಗೆಯ ಪ್ರತಿಜೈವಿಕಗಳು ಬಳಕೆಗೆ ಬಂದದ್ದು ಬಹಳ ಕಡಿಮೆ. ಔಷಧಗಳಿಗೆ ಮಣಿಯದ ಬ್ಯಾಕ್ಟೀರಿಯಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಮಂದಿ ಸತ್ತರೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಶಸ್ತ್ರಚಿಕಿತ್ಸೆ, ಕ್ಯಾನ್ಸರಿನ ಚಿಕಿತ್ಸೆ, ದಿನ ತುಂಬದೆ ಹುಟ್ಟಿದ ಶಿಶುವಿನ ಆರೈಕೆ, ಇವೆಲ್ಲವೂ ಪ್ರತಿಜೈವಿಕಗಳ ಆಸರೆಯಲ್ಲಿಯೇ ನಡೆಯುತ್ತವೆ. ಆ ಆಸರೆ ಕುಸಿದರೆ ಮುಳ್ಳು ಚುಚ್ಚಿ ಸಾಯುವ ಕಾಲ ಮತ್ತೆ ಬಾರದೆಂದು ಹೇಳಲಾಗದು.

ಭಾರತಕ್ಕೆ ಈ ಪಾಠವನ್ನು ಕಲಿಸಿದ ರೋಗ ಕ್ಷಯ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಈ ದೇಶದಲ್ಲಿಯೇ ಇದ್ದಾರೆ. ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟರೆ ರೋಗಿ ಮೊದಲು ಚೇತರಿಸಿಕೊಂಡರೂ ಕೆಲವು ತಿಂಗಳಲ್ಲಿ ಮದ್ದು ನಿಷ್ಫಲವಾಗಬಹುದೆಂದು 1948ರಲ್ಲಿಯೇ ಬ್ರಿಟನ್ನಿನ ಪ್ರಯೋಗ ತಿಳಿಸಿತ್ತು. ಆದ್ದರಿಂದ ಹಲವು ಮದ್ದುಗಳನ್ನು ಒಟ್ಟಿಗೆ ಕೊಡುವ ಕ್ರಮ ಬಂದಿತು. ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಕೇಂದ್ರವು, ಮನೆಯಲ್ಲಿದ್ದುಕೊಂಡೇ ಮದ್ದು ಸೇವಿಸಿ ಕ್ಷಯವನ್ನು ಗೆಲ್ಲಬಹುದೆಂದು ತೋರಿಸಿತು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಬೇಕು. ಆದರೆ ಎರಡು ತಿಂಗಳಿಗೇ ಕೆಮ್ಮು ನಿಂತು, ಮೈತುಂಬಿಕೊಂಡು, ರೋಗಿಗೆ ತಾನು ಗುಣವಾದೆನೆಂದು ತೋರುತ್ತದೆ. ಅಲ್ಲಿಗೆ ಮದ್ದು ಬಿಟ್ಟವನ ಎದೆಯಲ್ಲಿ ಗಟ್ಟಿ ರೋಗಾಣುಗಳು ಉಳಿದು ಬೆಳೆಯುತ್ತವೆ. ಅವನು ಕೆಮ್ಮಿದಾಗ ಪಕ್ಕದಲ್ಲಿದ್ದ ಮಗುವಿಗೆ ತಗಲುವುದು ಮೊದಲಿನ ಕ್ಷಯವಲ್ಲ, ಮದ್ದಿಗೆ ಮಣಿಯದ ಕ್ಷಯ.

ಇದರಲ್ಲಿ ತಪ್ಪೆಲ್ಲ ರೋಗಿಯದೇ ಎನ್ನುವುದು ಅನ್ಯಾಯ. ವೈದ್ಯರನ್ನು ಕಾಣಲು ಒಂದು ದಿನದ ಕೂಲಿಯನ್ನು ಕಳೆದುಕೊಳ್ಳಬೇಕಾದವನು ಅಂಗಡಿಯಲ್ಲಿ ಎರಡು ಗುಳಿಗೆ ಕೊಂಡು ನುಂಗುತ್ತಾನೆ. ನೆಗಡಿಗೆ ವೈರಸ್ಸು ಕಾರಣ, ಪ್ರತಿಜೈವಿಕ ಅದನ್ನು ಮುಟ್ಟಲಾರದು ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಅದನ್ನು ಬಲ್ಲವರೂ ರೋಗಿಯ ಒತ್ತಾಯಕ್ಕೆ ಮಣಿದು ಬರೆದುಕೊಡುವುದುಂಟು. ‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬಂತಾಗುತ್ತದೆ. ಕೋಳಿ, ದನ, ಮೀನುಗಳ ಸಾಕಣೆಯಲ್ಲಿಯೂ ಈ ಮದ್ದುಗಳು ಬಳಕೆಯಾಗುತ್ತವೆ. ಸರ್ಕಾರ ಕೈಕಟ್ಟಿ ಕುಳಿತಿಲ್ಲ. ಮುಖ್ಯವಾದ ಹಲವು ಪ್ರತಿಜೈವಿಕಗಳನ್ನು ಚೀಟಿಯಿಲ್ಲದೆ ಮಾರಬಾರದೆಂದೂ, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕೆಂದೂ 2013ರಲ್ಲಿ ನಿಯಮವಾಯಿತು. ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ನನ್ನು ಸಾಕುಪ್ರಾಣಿಗಳಿಗೆ ಕೊಡುವುದನ್ನು 2019ರಲ್ಲಿ ನಿಷೇಧಿಸಲಾಯಿತು. ವೈದ್ಯರ ಚೀಟಿ ಬೇಕೆಂಬುದರ ಗುರುತಾಗಿ ಗುಳಿಗೆಯ ಪಟ್ಟಿಯ ಮೇಲೆ ಕೆಂಪು ಗೆರೆ ಇರುತ್ತದೆ. ಆ ಗೆರೆಯ ಅರ್ಥವನ್ನು ಮನೆಯವರಿಗೆ ತಿಳಿಸುವುದು ಓದಲು ಬಲ್ಲ ಬಾಲಕ ಬಾಲಕಿಯರಿಗೂ ಸಾಧ್ಯವಾದ ಕೆಲಸ.

ಹಳ್ಳಿಗಳಲ್ಲಿ ಕೆರೆಯ ನೀರನ್ನು ಗದ್ದೆಗಳಿಗೆ ಹಂಚಲು ನೀರುಗಂಟಿಯೊಬ್ಬನಿರುತ್ತಿದ್ದನು. ಯಾರ ಗದ್ದೆಗೆ ಎಂದು, ಎಷ್ಟು ನೀರು ಎಂಬುದು ಅವನ ಲೆಕ್ಕ. ತನ್ನ ಗದ್ದೆಯೊಂದೇ ನೆನೆಯಲೆಂದು ಒಬ್ಬನು ರಾತ್ರಿ ತೂಬೆತ್ತಿದರೆ ಒಣಗುತ್ತಿದ್ದುದು ಕೆಳಗಿನವರ ಪೈರು. ಮದ್ದಿನ ಶಕ್ತಿಯೂ ಕೆರೆಯ ನೀರಿನಂತೆ ಊರೆಲ್ಲರ ಸೊತ್ತು. ವೈದ್ಯರು ಬೇಡವೆಂದಾಗ ಅದನ್ನು ಬೇಡದಿರುವುದು, ಬೇಕೆಂದಾಗ ಅವರು ಹೇಳಿದಷ್ಟು ದಿನ ತಪ್ಪದೆ ಸೇವಿಸುವುದು, ಉಳಿದ ಗುಳಿಗೆಯನ್ನು ಇನ್ನೊಬ್ಬರಿಗೆ ಕೊಡದಿರುವುದು, ಕೈಗಳನ್ನು ಸಾಬೂನಿನಿಂದ ತೊಳೆದು, ಲಸಿಕೆಗಳನ್ನು ಹಾಕಿಸಿಕೊಂಡು ರೋಗವೇ ಬಾರದಂತೆ ನೋಡಿಕೊಳ್ಳುವುದು, ಇವೇನೂ ಕಷ್ಟದ ಕೆಲಸಗಳಲ್ಲ. ಇವುಗಳನ್ನು ಪಾಲಿಸಿದವನಿಗೆ ತಾನು ಯಾರ ಪ್ರಾಣವನ್ನು ಉಳಿಸಿದೆನೆಂದು ಎಂದೂ ತಿಳಿಯಲಾರದು. ತಿಳಿಯದಿದ್ದರೂ, ಮುಂದೆ ಹುಟ್ಟಲಿರುವ ಯಾವುದೋ ಮಗುವಿಗೆ ಜ್ವರ ಏರಿದ ರಾತ್ರಿ, ಮದ್ದು ತನ್ನ ಕೆಲಸವನ್ನು ಮಾಡುತ್ತದೆ.