ನಾಡಿ ಹೇಳಿದ ಮಾತು

ತುಂಗಭದ್ರೆಯ ದಂಡೆಯ ದಢೇಸುಗೂರಿನಲ್ಲಿ ನಮ್ಮ ದೊಡ್ಡಪ್ಪನವರ ಮನೆಯಿರುವದು. ಹಿಂದಿನ ವರ್ಷ ನೆಲ್ಲಿನ ಸುಗ್ಗಿಗೆಂದು ನಾವು ಅಲ್ಲಿಗೆ ಹೋಗಿದ್ದೆವು. ಒಂದು ಬೆಳಗಿನ ಜಾವ ದೊಡ್ಡಪ್ಪನವರು ಎದೆಯನ್ನು ಒತ್ತಿಕೊಂಡು ಎದ್ದು ಕುಳಿತರು, ಮೈಯೆಲ್ಲ ಬೆವರು. “ವಾಯು ಹಿಡಿದಿದೆ, ಗದ್ದಲ ಮಾಡಬೇಡಿರಿ” ಎಂದರು. ದೊಡ್ಡವ್ವನವರು ಜೀರಿಗೆಯ ಕಷಾಯ ಕಾಯಿಸಿಕೊಟ್ಟರು. ಓದುಬರಹ ಬಲ್ಲವರೆಂಬ ಹೆಮ್ಮೆಯಿಂದ ನಾವು ಅವರ ಮುಂಗೈ ಹಿಡಿದು ನಾಡಿಯನ್ನೆಣಿಸಿದೆವು: ನಿಮಿಷಕ್ಕೆ 118. “ಗಾಬರಿಯಿಂದ ಏರಿದೆ, ಕೊಂಚ ಹೊತ್ತಿಗೆ ಇಳಿದೀತು” ಎಂದು ಸಮಾಧಾನವನ್ನೂ ಹೇಳಿದೆವು. ಹೀಗೆ ಒಂದು ತಾಸು ಕಳೆಯಿತು. ಆ ತಾಸಿನ ಹೊಣೆ ನಮ್ಮದು.

ಸಿಂಧನೂರಿನ ದವಾಖಾನೆಯಲ್ಲಿ ಇ.ಸಿ.ಜಿ. ತೆಗೆದ ವೈದ್ಯರು ಹೃದಯಾಘಾತವೆಂದು ತಿಳಿಸಿ, ರಕ್ತದ ಹೆಪ್ಪನ್ನು ಕರಗಿಸುವ ಸೂಜಿಮದ್ದು ಕೊಟ್ಟರು. “ನಾಡಿಯನ್ನು ಇಳಿಸಲು ಏನೂ ಕೊಡುವದಿಲ್ಲವೇ?” ಎಂದು ನಾವು ಕೇಳಿದೆವು. “ಅದು ಏಕೆ ಓಡುತ್ತಿದೆಯೆಂಬದನ್ನು ಮೊದಲು ನೋಡೋಣ” ಎಂದರು ಅವರು.

ಈ ಉತ್ತರದ ಅರ್ಥ ನಮಗೆ ತಿಳಿದದ್ದು ಅನಂತರ. ವಾಚಕರೂ ಅದನ್ನು ತಿಳಿದಿರುವದು ಹಿತ. ಸುಮ್ಮನೆ ಕುಳಿತ ಪ್ರಾಯದವರ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100ರ ಒಳಗಿರುವದು. ಅದು 75 ಇದ್ದಾಗ ಒಂದೊಂದು ಬಡಿತಕ್ಕೆ ಸಿಗುವ ಕಾಲ 0.8 ಸೆಕೆಂಡು, ಅದರಲ್ಲಿ ಹೆಚ್ಚಿನ ಪಾಲು ವಿಶ್ರಾಂತಿಯದು. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ನಮ್ಮ ತಾಯಂದಿರಂತೆ, ಹೃದಯವು ತನ್ನ ಪಾಲಿನ ರಕ್ತವನ್ನು ಬಹುಮಟ್ಟಿಗೆ ಈ ವಿಶ್ರಾಂತಿಯಲ್ಲಿಯೇ ಪಡೆಯುವದು. ನಾಡಿ 120ಕ್ಕೆ ಏರಿದರೆ ಬಡಿತದ ಕಾಲ 0.5 ಸೆಕೆಂಡಿಗೆ ಇಳಿಯುವದು. ವಿಶೇಷವಾಗಿ ಮೊಟಕಾಗುವದು ವಿಶ್ರಾಂತಿಯೇ. ದುಡಿತ ಹೆಚ್ಚು, ಊಟ ಕಡಿಮೆ. ದವಾಖಾನೆಗೆ ಬಂದಾಗ ನಾಡಿ ವೇಗವಾಗಿದ್ದವರಲ್ಲಿ ಸಾವಿನ ಭಯ ಹೆಚ್ಚು. ರೋಗಿಯ ಅಪಾಯವನ್ನು ಅಳೆಯುವ ‘ಗ್ರೇಸ್’ ಎಂಬ ಅಂಕಪದ್ಧತಿಯಲ್ಲಿ ವಯಸ್ಸು, ರಕ್ತದೊತ್ತಡಗಳೊಡನೆ ನಾಡಿಯ ವೇಗವನ್ನೂ ಲೆಕ್ಕಕ್ಕೆ ಹಿಡಿಯುವರು.

ಹಾಗಾದರೆ ಆ ಸಂಖ್ಯೆಯನ್ನು ಇಳಿಸಿದರೆ ಪ್ರಾಣ ಉಳಿಯುವದೇ? ಚೀನದಲ್ಲಿ 45,852 ಹೃದಯಾಘಾತದ ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ನಾಡಿಯನ್ನು ತಗ್ಗಿಸುವ ಮೆಟೊಪ್ರೊಲಾಲ್ ಮದ್ದನ್ನು ಅರ್ಧದಷ್ಟು ಜನರಿಗೆ ಮೊದಲೇ ರಕ್ತನಾಳಕ್ಕೆ ಕೊಟ್ಟು ನೋಡಿದರು. ಮತ್ತೆ ಆಘಾತವಾಗುವದು ಕಡಿಮೆಯಾಯಿತು. ಆದರೆ ಹೃದಯ ಸೋತು ರಕ್ತದೊತ್ತಡ ಕುಸಿದವರು ಹೆಚ್ಚಾದರು. ಒಟ್ಟು ಸಾವು ಇಳಿಯಲಿಲ್ಲ. ಬಲಗುಂದಿದ ಹೃದಯವು ಒಂದು ಬಡಿತದಲ್ಲಿ ಸಾಗಿಸಲಾಗದ್ದನ್ನು ಎರಡರಲ್ಲಿ ಸಾಗಿಸಲು ಹೆಣಗುತ್ತಿರುವಾಗ ಅದರ ಕೈ ಕಟ್ಟಬಾರದಷ್ಟೆ. ತಕ್ಕವರಿಗೆ ತಕ್ಕ ಹೊತ್ತಿನಲ್ಲಿ ಅದೇ ಮದ್ದು ಉಪಕಾರಿಯೂ ಹೌದು; ಆ ವಿವೇಕ ವೈದ್ಯರದು. ನಾಡಿ ಸುದ್ದಿ ತಂದ ಓಲೆಕಾರ. ಓಲೆಕಾರನನ್ನು ಸುಮ್ಮನಿರಿಸಿದರೆ ಸುದ್ದಿ ಸುಳ್ಳಾಗದು.

ಇನ್ನೊಂದು ಮಾತು. ಕೆಲವು ಹೃದಯಾಘಾತಗಳಲ್ಲಿ ನಾಡಿ ತೀರ ನಿಧಾನವಾಗುವದೂ ಉಂಟು, ಸಹಜವಾಗಿರುವದೂ ಉಂಟು. ಆದುದರಿಂದ ಎದೆ ಬಿಗಿದು, ಬೆವರು ಬಂದು, ಉಸಿರು ಕಟ್ಟಿದರೆ ನಾಡಿಯನ್ನೆಣಿಸುತ್ತ ಕೂಡಬಾರದು. ಕೂಡಲೆ 108ಕ್ಕೆ ಕರೆಮಾಡಬೇಕು. ಹೆಪ್ಪು ಕರಗಿಸುವ ಮದ್ದು ಎಷ್ಟು ಬೇಗ ಮೈಸೇರಿದರೆ ಅಷ್ಟು ಹೃದಯ ಉಳಿಯುವದು.

ದೊಡ್ಡಪ್ಪನವರು ಬದುಕಿ ಮನೆಗೆ ಬಂದರು. ಆದರೆ ಈಗ ಗದ್ದೆಯ ಬದುವಿನ ಮೇಲೆ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವರು. “ನೆಲ್ಲು ನೋಡುತ್ತಿದ್ದೇನೆ” ಎನ್ನುವರು. ನಾವೂ ಅವರೊಡನೆ ನಿಂತು ನೆಲ್ಲನ್ನೇ ನೋಡುವೆವು; ಮನಸ್ಸು ಮಾತ್ರ ಆ ಒಂದು ತಾಸನ್ನು ಎಣಿಸುತ್ತಿರುವದು.